ಬೇರತ್ತೆಯ ಖಾಲಿ ಚೌಕ

ಅಪ್ಪನ ಚಿಕ್ಕಪ್ಪನ ಮಗಳು, ನನಗೆ ಅತ್ತೆ. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವುದು ಅವಳ ಕೆಲಸ. ರಜೆ ಸಿಕ್ಕರೆ ಸಾಕು, ಸತ್ತವರ ಬೆನ್ನು ಹತ್ತುತ್ತಿದ್ದಳು. ಹಳೆಯ ದಾಖಲೆಗಳ ಕಚೇರಿ, ಸ್ಮಶಾನದ ಕಾವಲುಗಾರ, ಕಿವಿ ಕೇಳದ ಮುದುಕಿಯರು, ಯಾರನ್ನೂ ಬಿಡಲಿಲ್ಲ. ಮನೆತನದ ಬೇರು ಅಗೆಯುತ್ತಾಳೆಂದು ನಾವೆಲ್ಲ ಅವಳನ್ನು ಬೇರತ್ತೆ ಎಂದು ಆಡಿಕೊಂಡರೆ ತಾನೂ ನಗುತ್ತಿದ್ದಳು.

ವಂಶವೃಕ್ಷ ಬರೆಯುವುದರಲ್ಲಿ ಅವಳದೊಂದು ಕಟ್ಟುನಿಟ್ಟಿತ್ತು. ಸತ್ತವರ ಹೆಸರನ್ನು ಯಾರಿಗಾದರೂ ತೋರಿಸಬಹುದು. ಬದುಕಿರುವವರದನ್ನು, ಅವರು ಒಪ್ಪಿದರೆ ಮಾತ್ರ. ಒಪ್ಪದವರಿಗೆ, ಹೊರಗೆ ಕೊಡುವ ಪ್ರತಿಯಲ್ಲಿ ಬರೀ ಖಾಲಿ ಚೌಕ. ಅಂಥ ಒಂದು ಚೌಕ ಅವಳ ಸ್ವಂತ ತಂಗಿಯದು. ಹೊಡೆಯುವ ಗಂಡನನ್ನು ಬಿಟ್ಟುಹೋದ ತಂಗಿ ಹೆಸರು ಬದಲಿಸಿಕೊಂಡು ಬೇರೆ ಊರಿನ ಹೊಲಿಗೆ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ್ದಳು. ಎಲ್ಲಿ ಎಂಬುದು ಅತ್ತೆಯೊಬ್ಬಳಿಗೇ ಗೊತ್ತು.

"ಬರ್ಕೋ ಅಕ್ಕ, ಆದ್ರೆ ನಿನ್ನ ಹತ್ರಾನೇ ಇರ್ಲಿ," ಎಂದಿದ್ದಳಂತೆ.

ತಂಗಿ ಎಲ್ಲಿ ಎಂದು ಯಾರು ಕೇಳಿದರೂ ಅತ್ತೆ, "ಗೊತ್ತಿಲ್ಲ," ಎನ್ನುತ್ತಿದ್ದಳು. ಅವಳಿಗೆ ಬರುತ್ತಿದ್ದದ್ದು ಇದೊಂದೇ ಸುಳ್ಳು.

ಒಂದು ದಿನ ನಮ್ಮ ದೊಡ್ಡಪ್ಪ ತನ್ನ ಕಡೆಯವರ ಹೆಸರು ನೋಡಬೇಕೆಂದು ಬಂದ. ಹಿರಿಯರಿಗೆ 'ಬಂದರು' ಎನ್ನಬೇಕು, ಗೊತ್ತು. ಈ ಮನುಷ್ಯನಿಗೆ ಹಾಗನ್ನಲು ನನಗೆ ಬಾಯಿ ಬರುವುದಿಲ್ಲ. ಮನೆಯವನೇ ತಾನೆ ಎಂದು ಅತ್ತೆ, ಚೌಕಗಳೆಲ್ಲ ತುಂಬಿದ್ದ ತನ್ನ ಪೂರ್ತಿ ಹಾಳೆಯನ್ನೇ ಮೇಜಿನ ಮೇಲೆ ಹರಡಿದಳು. ಅವನು ಫೋಟೋ ಹೊಡೆಯಲು ಫೋನು ತೆಗೆದ.

"ನಿಮ್ಮ ಕೊಂಬೆ ಒಂದೇ, ಅಣ್ಣ," ಎಂದು ಹೇಳಿ ಅವಳು ಟೀ ಮಾಡಲು ಒಳಗೆ ಹೋದಳು. ಲೋಟ ಹಿಡಿದು ಬರುವಷ್ಟರಲ್ಲಿ ಇಡೀ ಮರ ಅವನ ಜೇಬು ಸೇರಿತ್ತು. ವಾರದೊಳಗೆ ಅದು ಇಂಟರ್ನೆಟ್ಟಿನಲ್ಲಿ ಬಂತು. ತಂಗಿಯ ಹೊಸ ಹೆಸರು, ಊರು, ಅಂಗಡಿ, ಎಲ್ಲ ಅದರಲ್ಲಿ. 'ಸಂಶೋಧನೆ' ಎಂದು ಕೆಳಗೆ ದೊಡ್ಡಪ್ಪನ ಹೆಸರು.

ಜಗಳಕ್ಕೆ ನಾನೇ ಹೋದೆ.

"ತಾತ ಮುತ್ತಾತ ಎಲ್ರಿಗೂ ಸೇರಿದೋರು. ಅವಳೇನು ಗುತ್ತಿಗೆ ತಗೊಂಡಿದಾಳಾ?" ಎಂದ.

ವಕೀಲರನ್ನು ಕೇಳಿದೆವು. "ಬರೀ ಹೆಸರು, ತಾರೀಖಿನ ಮೇಲೆ ಯಾರಿಗೂ ಹಕ್ಕಿಲ್ಲಮ್ಮ. ನೀವು ಬರೆದ ಟಿಪ್ಪಣಿ ನಿಮ್ಮದು. ಬದುಕಿರೋರ ವಿಳಾಸ ಅಂತೂ ತೆಗೆಸ್ಲೇಬೇಕು," ಎಂದರು. ನೋಟಿಸು ಹೋಯಿತು, ದೊಡ್ಡಪ್ಪ ಎಲ್ಲ ತೆಗೆದ. ಆದರೆ ಫೋನಿನಿಂದ ಫೋನಿಗೆ ದಾಟಿ ಅದು ಆ ಗಂಡನನ್ನೂ ಮುಟ್ಟಿಯಾಗಿತ್ತು. ಅವನು ಹೊಲಿಗೆ ಅಂಗಡಿಯ ಬಾಗಿಲಿಗೇ ಹೋಗಿ ನಿಂತ.

ತಂಗಿ ಹಿಂಬಾಗಿಲಿನಿಂದ ತಪ್ಪಿಸಿಕೊಂಡಳು. ಯಾರದೋ ಫೋನಿನಿಂದ ಅತ್ತೆಗೆ ಕರೆ ಮಾಡಿದಳು.

"ನಿನ್ನ ಮೇಲೆ ಕೋಪ ಇಲ್ಲ ಅಕ್ಕ. ಆದ್ರೆ ಈ ಸಲ ಎಲ್ಲಿಗೆ ಹೋಗ್ತೀನಿ ಅಂತ ನಿಂಗೂ ಹೇಳಲ್ಲ."

ಆಮೇಲೆ ಕರೆ ಬಂದಿಲ್ಲ.

ಅತ್ತೆ ಅಳಲಿಲ್ಲ. ಮರುದಿನ ಅಂಗಡಿಗೆ ಹೋಗಿ ಗಾಜು ಉಜ್ಜಿದಳು. ಈಗಲೂ ಹೋಗುತ್ತಾಳೆ. ಊಟ ಬಡಿಸಿದರೆ ತಿನ್ನುತ್ತಾಳೆ, ಬಡಿಸದಿದ್ದರೆ ಕೇಳುವುದಿಲ್ಲ. ಬೇರತ್ತೆ ಎಂದು ಕರೆದರೆ ತಿರುಗಿ ನೋಡುತ್ತಾಳೆ, ಅಷ್ಟೇ.

ಮೊನ್ನೆ ದೊಡ್ಡಪ್ಪ ಅಂಗಡಿಗೇ ಬಂದ. ವಂಶವೃಕ್ಷವನ್ನು ಪುಸ್ತಕ ಮಾಡಿಸುತ್ತಾನಂತೆ.

"ಸಂಶೋಧನೆ ಅಂತ ನಿನ್ನ ಹೆಸ್ರೇ ಹಾಕಿಸ್ತೀನಮ್ಮ. ಈ ಸಲ ನಿನ್ನ ಕೇಳ್ದೆ ಒಂದಕ್ಷರಾನೂ ಹಾಕಲ್ಲ," ಎಂದ. ಎದ್ದು ಹೊರಟವನು ಬಾಗಿಲಲ್ಲಿ ನಿಂತು, "ಅಂದ ಹಾಗೆ, ನಿನ್ನ ತಂಗಿ ಈಗ ಎಲ್ಲಿದಾಳೆ?" ಎಂದು ಕೇಳಿದ.

ಅತ್ತೆ ಕೈಯಲ್ಲಿದ್ದ ಗಾಜನ್ನು ಒರೆಸುತ್ತಲೇ, "ಗೊತ್ತಿಲ್ಲ," ಎಂದಳು.

ಈ ಸಲ ಅದು ನಿಜವಾಗಿತ್ತು.