ದುರ್ಗವ್ವನ ಹಾಡು ಹಿಡಿದಿಟ್ಟ ಲಕ್ಷ್ಮಿದೇವಮ್ಮ

ಬಸವೇಶ್ವರನಗರದ ಆ ಅಡ್ಡರಸ್ತೆಯಲ್ಲಿ ಲಕ್ಷ್ಮಿದೇವಮ್ಮ ಎಂಬ ಹೆಸರಿನವರು ಮೂವರಿದ್ದರು. ಒಬ್ಬಳು ಹೂವಿನ ಲಕ್ಷ್ಮಿದೇವಮ್ಮ, ಒಬ್ಬಳು ಮೂಲೆಮನೆ ಲಕ್ಷ್ಮಿದೇವಮ್ಮ, ಮೂರನೆಯವಳು ರೆಕಾರ್ಡ್ ಲಕ್ಷ್ಮಿದೇವಮ್ಮ. ಈ ಕಥೆ ಮೂರನೆಯವಳದು.

ಮಾಗಡಿ ಕಡೆಯ ಹಳ್ಳಿಯಿಂದ ಅವಳು ಮದುವೆಯಾಗಿ ಬಂದಾಗ ಈ ಬಡಾವಣೆಯಲ್ಲಿ ಮನೆಗಳಿಗಿಂತ ಮುಳ್ಳುಗಿಡ ಬೆಳೆದ ಸೈಟುಗಳೇ ಹೆಚ್ಚು. ಗಂಡ ಕೃಷ್ಣಯ್ಯ ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಅವನ ದುಡಿಮೆ, ಅವಳ ಹಠ ಎರಡೂ ಸೇರಿ ಒಂದು ಮನೆ ಎದ್ದಿತು. ಮನೆಗೆ ಅಂಟಿಕೊಂಡು ಬಾಡಿಗೆಗೆಂದು ಎರಡು ಪೋರ್ಷನ್ ಎದ್ದವು. ಒಬ್ಬಳೇ ಮಗಳು ಸಂಘಮಿತ್ರಾ, ಮನೆಯಲ್ಲಿ ಮಿತ್ರಾ, ಕೆಂಗೇರಿ ಉಪನಗರದ ರವಿಕುಮಾರನ ಕೈಹಿಡಿದು ಹೋದಳು. ಆ ಅಳಿಯ ಹೊಸ ಮನೆಗೆ ಕೇಬಲ್ ಹಾಕಿಸಿಕೊಂಡಾಗ, ತನ್ನ ಹಳೆಯ ಡಿಶ್ ಬುಟ್ಟಿಯನ್ನೂ ಅದರ ಬಾಕ್ಸನ್ನೂ ತಂದು ಅತ್ತೆಯ ಮನೆಗೆ ಜೋಡಿಸಿಕೊಟ್ಟ. ಬಾಕ್ಸು ರೆಕಾರ್ಡ್ ಮಾಡಿಟ್ಟುಕೊಳ್ಳುವ ಜಾತಿಯದು. ರಿಮೋಟಿನ ನೀಲಿ ಗುಂಡಿ ಒತ್ತಿದರೆ ಯಾವ ಚಾನೆಲ್ಲಿನಲ್ಲಿ ಎಷ್ಟು ಹೊತ್ತಿಗೆ ಏನು ಎಂಬ ಪಟ್ಟಿ ಬರುತ್ತಿತ್ತು. ಅದಕ್ಕೆ ಗೈಡ್ ಎಂದು ಹೆಸರು. ಬೇಕಾದ್ದರ ಮೇಲೆ ನಿಂತು ಓಕೆ ಒತ್ತಿಬಿಟ್ಟರೆ ಮುಗಿಯಿತು, ಮನೆಗೆ ಬೀಗ ಹಾಕಿ ಹೋದರೂ ಬಾಕ್ಸು ತಾನೇ ಎದ್ದು ರೆಕಾರ್ಡ್ ಮಾಡಿ ತಾನೇ ಮಲಗುತ್ತಿತ್ತು.

ಬೀದಿಯಲ್ಲಿ ಸಂಜೆ ಹೊತ್ತು ಕೆಲಸಕ್ಕೆ ಹೋಗುವ ಹೆಂಗಸರು ಬಹಳ. ಹಪ್ಪಳದ ಮನೆಗೆ ಹೋಗುವವರು, ನಾಲ್ಕು ಮನೆ ಅಡಿಗೆಗೆ ಹೋಗುವವರು, ಕ್ಲಿನಿಕ್ಕಿನಲ್ಲಿ ಚೀಟಿ ಬರೆಯುವವಳು. ಇವರಾರಿಗೂ ಸಂಜೆಯ ಧಾರಾವಾಹಿ ದಕ್ಕುತ್ತಿರಲಿಲ್ಲ. ಲಕ್ಷ್ಮಿದೇವಮ್ಮ ಎಲ್ಲವನ್ನೂ ಹಿಡಿದಿಟ್ಟು ಮರುದಿನ ಬೆಳಿಗ್ಗೆ, ಕಸಮುಸುರೆ ಮುಗಿದ ಮೇಲೆ, ನಡುಮನೆಯಲ್ಲಿ ಚಾಪೆ ಹಾಸಿ ತೋರಿಸುತ್ತಿದ್ದಳು. ಒಬ್ಬಳು ಅವರೆಕಾಯಿ ಸುಲಿಯುತ್ತ, ಇನ್ನೊಬ್ಬಳು ಸೊಪ್ಪು ಬಿಡಿಸುತ್ತ ಅತ್ತೆ ಪಾತ್ರದವಳನ್ನು ಬಾಯಿತುಂಬ ಬೈಯುತ್ತ ಕೂರುತ್ತಿದ್ದರು. ಆ ಹೊತ್ತಿಗೆ ಕೃಷ್ಣಯ್ಯನಿಗೆ ನಡುಮನೆಯಲ್ಲಿ ಜಾಗವಿಲ್ಲ, ಜಗಲಿಯೇ ಗತಿ.

ಹೀಗಿರುವಾಗ ಒಂದು ಬೆಳಿಗ್ಗೆ ನೀಲಿ ಗುಂಡಿ ಒತ್ತಿದರೆ ಪಟ್ಟಿ ಬರಲಿಲ್ಲ. ಎಲ್ಲ ಚಾನೆಲ್ಲಿನ ಮುಂದೆಯೂ ಖಾಲಿ ಪಟ್ಟೆ. ಬಾಕ್ಸಿನ ಗಡಿಯಾರವೂ ಸೊನ್ನೆ ತೋರಿಸುತ್ತ ಕುಳಿತಿತ್ತು. ಸ್ವಿಚ್ ಆರಿಸಿ ಹಾಕಿದ್ದಾಯಿತು, ಕಾರ್ಡು ತೆಗೆದು ಸೆರಗಿನಿಂದ ಒರೆಸಿ ಹಾಕಿದ್ದಾಯಿತು. ಕಂಪನಿಗೆ ಫೋನು ಮಾಡಿದರೆ ಅಲ್ಲಿನ ಹುಡುಗಿ ಸಕ್ಕರೆಯಂಥ ದನಿಯಲ್ಲಿ, ನಿಮ್ಮದು ಹಳೇ ಬಾಕ್ಸ್ ಮೇಡಂ, ಅದಕ್ಕಿನ್ನು ಗೈಡ್ ಬರೋದಿಲ್ಲ, ಬದಲಾಯಿಸಿಬಿಡಿ ಅಂದಳು.

"ಹಳೇದಾಯ್ತು ಅಂತ ಎಲ್ಲಾನೂ ಬದಲಾಯಿಸ್ತಾ ಹೋದ್ರೆ ಹೆಂಗಮ್ಮ? ನಮ್ಮನೇಲಿ ಇನ್ನೊಬ್ರು ಹಳಬರವ್ರೆ, ಅವ್ರನ್ನೂ ಬದಲಾಯಿಸ್ಲಾ?" ಎಂದಳು ಲಕ್ಷ್ಮಿದೇವಮ್ಮ. ಜಗಲಿಯಲ್ಲಿ ಪೇಪರು ಹಿಡಿದಿದ್ದ ಕೃಷ್ಣಯ್ಯ ಒಮ್ಮೆ ಕೆಮ್ಮಿದ.

ತಲೆ ಮೇಲೆ ಕೈಹೊತ್ತು ಕೂರುವ ಹೆಂಗಸಲ್ಲ ಅವಳು. ಪಟ್ಟಿ ಕಾಣದಿದ್ದರೂ ಚಾನೆಲ್ ನಂಬರು, ಶುರುವಾಗುವ ಹೊತ್ತು, ಮುಗಿಯುವ ಹೊತ್ತು ಕೈಯಾರೆ ತುಂಬಿದರೆ ಬಾಕ್ಸು ರೆಕಾರ್ಡ್ ಮಾಡುತ್ತದೆ ಎಂಬುದನ್ನು ರಿಮೋಟಿನ ಗುಂಡಿಗಳನ್ನೆಲ್ಲ ಒಂದೊಂದಾಗಿ ತಡಕಿ ಕಂಡುಕೊಂಡಳು. ಗೋಡೆ ಗಡಿಯಾರ ನೋಡಿ ಬಾಕ್ಸಿಗೆ ಹೊತ್ತು ತುಂಬಿದಳು. ಇನ್ನು ಯಾವುದು ಎಷ್ಟು ಹೊತ್ತಿಗೆ ಎಂಬುದು ಗೊತ್ತಾಗಬೇಕಲ್ಲ. ಅದಕ್ಕೆ ಇಸ್ತ್ರಿ ಗಾಡಿಯ ಅಂಜಿನಯ್ಯನನ್ನು ಹಿಡಿದಳು. ಸಂಜೆಯೆಲ್ಲ ಮನೆಮನೆಯ ಮುಂದೆ ಬಟ್ಟೆ ಕೊಡುತ್ತ ತಿರುಗುವ ಅವನ ಕಿವಿಗೆ ಪ್ರತಿ ಮನೆಯ ಟಿವಿಯೂ ಬೀಳುತ್ತಿತ್ತು. ಯಾವ ಧಾರಾವಾಹಿಯ ಹಾಡು ಎಷ್ಟು ಹೊತ್ತಿಗೆ, ಯಾವುದರ ಹಿಂದೆ ಬರುತ್ತದೆ, ಯಾವ ಮನೆಯವರು ಯಾವುದಕ್ಕೆ ಕಣ್ಣೀರು ಹಾಕುತ್ತಾರೆ ಎಂಬುದೆಲ್ಲ ಅವನ ನಾಲಿಗೆಯ ತುದಿಯಲ್ಲಿತ್ತು. ಕಂಪನಿಯ ಗೈಡ್ ಹೋದರೆ ಹೋಗಲಿ, ನಮ್ಮ ಬೀದಿಗೆ ಅಂಜಿನಯ್ಯನೇ ಗೈಡು ಎಂದು ಹೆಂಗಸರು ನಕ್ಕರು.

ಮೊದಲ ಸಂಜೆಯ ರೆಕಾರ್ಡು ಬಂತು. ಧಾರಾವಾಹಿಗಿಂತ ಮುಂಚೆ ಯಾವುದೋ ಅಡಿಗೆ ಕಾರ್ಯಕ್ರಮದ ಬಾಲ ಸೇರಿಕೊಂಡಿತ್ತು, ಕೊನೆಯಲ್ಲಿ ಸೊಸೆ ಬಾಗಿಲು ತೆರೆಯುತ್ತಿದ್ದಂತೆ ನಿಂತುಹೋಯಿತು. ಧಾರಾವಾಹಿಗಳೆಲ್ಲ ಹಾಗೆಯೇ ಅಲ್ಲವೇ, ಬಾಗಿಲು ತೆರೆಯುವ ಹೊತ್ತಿಗೇ ನಿಲ್ಲುವುದು. ಯಾರಿಗೂ ಅನುಮಾನ ಬರಲಿಲ್ಲ.

ಆ ವಾರವೇ ದುರ್ಗವ್ವ ಬಂದಳು. ಪಕ್ಕದ ಪೋರ್ಷನ್ನಿನ ಬಾಡಿಗೆಯವಳು, ಕುಷ್ಟಗಿ ಕಡೆಯವಳು, ಮೈಸೂರು ರಸ್ತೆಯ ಗಾರ್ಮೆಂಟ್ಸಿನಲ್ಲಿ ಕೆಲಸ. ಜೋಳ ಬೀಸುವಾಗ ಹಾಡುವ ಪದಗಳನ್ನು ತಾಯಿಯ ಮಡಿಲಿನಲ್ಲೇ ಕಲಿತವಳು. ಮಲ್ಲತ್ತಹಳ್ಳಿಯಲ್ಲಿ ಅವಳ ಸೀಮೆಯ ಹೆಂಗಸರು ಸೇರಿದ್ದ ಒಂದು ಭಾನುವಾರ ಟಿವಿಯವರು ಬಂದು ನಾಲ್ಕು ಜನರ ಹಾಡು ತೆಗೆದುಕೊಂಡು ಹೋಗಿದ್ದರು. ಗುರುವಾರ ಮಧ್ಯಾಹ್ನ ಮೂರರಿಂದ ಮೂರೂವರೆಗೆ ಅದು ಬರುತ್ತದೆ, ಅವಳ ಹಾಡು ಎಲ್ಲಕ್ಕಿಂತ ಕೊನೆಗೆ, ಮತ್ತೆ ಹಾಕುವುದಿಲ್ಲ ಎಂದು ಹೇಳಿಕಳಿಸಿದ್ದರು. ಗುರುವಾರ ರಜೆ ಕೇಳಿದರೆ ಸೂಪರ್‌ವೈಸರ್ ಮುಖ ತಿರುಗಿಸಿದ್ದ.

ದುರ್ಗವ್ವ ಬಾಗಿಲ ಚೌಕಟ್ಟು ಹಿಡಿದುಕೊಂಡು ಹೇಳಿದಳು. "ಮಷೀನಿನ ಸಪ್ಪಳದಾಗ ನನ್ನ ದನಿ ನನಗ ಕೇಳಂಗಿಲ್ರೀ ಅಮ್ಮಾರ. ಟಿವ್ಯಾಗ ಹೆಂಗ ಕೇಳ್ತೈತಿ ಅಂತ ಒಂದ್ಸಲ ನೋಡ್ಬೇಕನಸ್ತೈತ್ರಿ."

"ನೀನು ನಿಶ್ಚಿಂತೆಯಾಗಿ ಕೆಲಸಕ್ಕೆ ಹೋಗು ಕಣೇ. ಸಂಜೆ ಬರೋ ಹೊತ್ಗೆ ನಿನ್ನ ಹಾಡು ನಮ್ಮನೇಲಿರುತ್ತೆ" ಎಂದು ಲಕ್ಷ್ಮಿದೇವಮ್ಮ ಮಾತು ಕೊಟ್ಟಳು.

ಅದೇ ಗುರುವಾರ ಮಿತ್ರಾಳ ಸೀಮಂತ. ತಾಯಿ ಇಲ್ಲದೆ ಮಗಳ ಸೀಮಂತ ಆಗುವುದುಂಟೇ. ಲಕ್ಷ್ಮಿದೇವಮ್ಮ ಬೆಳಿಗ್ಗೆಯೇ ಚಾನೆಲ್ ನಂಬರು ತುಂಬಿದಳು, ಮೂರು ಎಂದು ತುಂಬಿದಳು, ಮೂರೂವರೆ ಎಂದು ತುಂಬಿದಳು. ಬಾಕ್ಸಿನ ಹೊಟ್ಟೆ ಚಿಕ್ಕದು, ಸಂಜೆಯ ಧಾರಾವಾಹಿಗಳಿಗೆ ಜಾಗ ಉಳಿಸಬೇಕಿತ್ತು, ಆದ್ದರಿಂದ ಒಂದು ನಿಮಿಷವನ್ನೂ ಹೆಚ್ಚು ಇಡಲಿಲ್ಲ. ಮನೆಗೆ ಬೀಗ ಹಾಕಿ, ಎಂದಿನಂತೆ ಬೀಗದ ಕೈಯನ್ನು ಮೂಲೆಯ ದಿನಸಿ ಅಂಗಡಿ ರಾಚಪ್ಪನಿಗೆ ಒಪ್ಪಿಸಿ, ಗಂಡ ಹೆಂಡತಿ ತಟ್ಟೆ ಬುಟ್ಟಿಗಳ ಸಮೇತ ಕೆಂಗೇರಿಗೆ ಹೊರಟರು.

ಉಪನಗರದ ಮನೆಯಲ್ಲಿ ಊಟವಾಯಿತು, ಬಳೆ ತೊಡಿಸಿದ್ದಾಯಿತು. ಮಿತ್ರಾ ಹಸಿರು ಸೀರೆಯುಟ್ಟು, ಮಡಿಲ ತುಂಬ ಹಣ್ಣುಕಾಯಿ ಇಟ್ಟುಕೊಂಡು ಮಣೆಯ ಮೇಲೆ ಕೂತಿದ್ದಳು. ಆರತಿಯೊಂದು ಬಾಕಿ. ಗುರುವಾರದ ರಾಹುಕಾಲ ಮೂರಕ್ಕೆ ಮುಗಿಯುವುದರಿಂದ ಎಲ್ಲರೂ ಕಾಯುತ್ತಿದ್ದರು. ಕೃಷ್ಣಯ್ಯ ಕೈಗಡಿಯಾರ ನೋಡಿಕೊಂಡು, ಮೂರಾಯಿತು, ಆರತಿ ಎತ್ತಿ ಎಂದ. ರವಿಕುಮಾರನ ತಾಯಿ ಒಪ್ಪಲಿಲ್ಲ.

"ಇನ್ನೂ ಕಾಲು ಗಂಟೆ ಐತೆ ಬೀಗರೆ. ಟಿವಿ ವಾರ್ತೇಲಿ ನೋಡಿ, ಮೂಲೇಲಿ ಟೈಮ್ ಹಾಕವ್ರೆ."

"ಟಿವಿಯೋರದು ಹಿಂದೈತೆ ಬಿಡಿ. ನಮ್ಮನೆ ಗಡಿಯಾರ ನೋಡಿ ಇಟ್ಕೊಂಡಿರೋ ಟೈಮಿದು."

ಈ ಮಾತು ಕಿವಿಗೆ ಬಿದ್ದದ್ದೇ ತಡ, ಆರತಿ ತಟ್ಟೆಗೆ ಕುಂಕುಮದ ನೀರು ಕದಡುತ್ತಿದ್ದ ಲಕ್ಷ್ಮಿದೇವಮ್ಮ ತಲೆಯೆತ್ತಿ ಟಿವಿಯ ಮೂಲೆ ನೋಡಿದಳು. ಕಾರ್ಖಾನೆಯ ಮೊದಲ ಪಾಳಿ ತಪ್ಪಬಾರದೆಂದು ಕೃಷ್ಣಯ್ಯ ಎಂದೋ ಗೋಡೆ ಗಡಿಯಾರವನ್ನು ಕಾಲು ಗಂಟೆ ಮುಂದೆ ಓಡಿಸಿಟ್ಟಿದ್ದ. ನಿವೃತ್ತನಾಗಿ ವರ್ಷಗಳು ಕಳೆದರೂ ಅದನ್ನು ಹಿಂದಕ್ಕೆ ತಿರುಗಿಸಿರಲಿಲ್ಲ. ಮನೆಯವರು ಗಡಿಯಾರ ನೋಡುವಾಗಲೆಲ್ಲ ಮನಸ್ಸಿನಲ್ಲೇ ಕಾಲು ಗಂಟೆ ಕಳೆದು ಲೆಕ್ಕ ಹಾಕುತ್ತಿದ್ದರು, ಕಳೆಯುತ್ತಿದ್ದೇವೆ ಎಂಬುದೂ ಮರೆತುಹೋಗುವಷ್ಟು ರೂಢಿಯಾಗಿತ್ತು. ಆದರೆ ಅದನ್ನು ನೋಡಿ ಹೊತ್ತು ತುಂಬಿಕೊಂಡ ಕೈಗಡಿಯಾರಕ್ಕೂ ಬಾಕ್ಸಿಗೂ ಈ ಕಳೆಯುವ ಲೆಕ್ಕ ಹೇಳಿಕೊಟ್ಟವರಾರು? ಬಾಕ್ಸು ಈಗಲೇ ಮೂರೆಂದು ತಿಳಿದು ಬೇಡದ್ದನ್ನು ನುಂಗಲು ಶುರುಮಾಡಿರುತ್ತದೆ. ಕಾರ್ಯಕ್ರಮ ಅರ್ಧಕ್ಕೆ ಬರುವಷ್ಟರಲ್ಲಿ ಬಾಯಿ ಮುಚ್ಚಿಬಿಡುತ್ತದೆ. ಕೊನೆಯಲ್ಲಿರುವ ದುರ್ಗವ್ವನ ಹಾಡು ಅದರ ಹೊಟ್ಟೆ ಸೇರುವುದೇ ಇಲ್ಲ.

"ರೀ, ನಿಮ್ಮ ಗಡಿಯಾರ ನನ್ನ ಮಾನ ಕಳೀತು" ಎಂದವಳೇ ತಟ್ಟೆಯನ್ನು ಗಂಡನ ಕೈಗಿಟ್ಟು, ಅಳಿಯನ ಮೊಬೈಲು ಇಸಿದುಕೊಂಡು ರಾಚಪ್ಪನ ಅಂಗಡಿಗೆ ಫೋನು ಹಚ್ಚಿಸಿದಳು. ಬೀಗರ ಕಡೆಯ ಹೆಂಗಸರು ಏನಾಯಿತೋ ಎಂದು ಒಬ್ಬರ ಮುಖ ಒಬ್ಬರು ನೋಡಿದರು. ಮಿತ್ರಾ ಮಣೆಯ ಮೇಲಿಂದಲೇ ನಗುತ್ತ ವಿಷಯ ಬಿಡಿಸಿ ಹೇಳಿ, ವಾರ್ತೆ ತೆಗೆದು ಆ ಚಾನೆಲ್ ಹಾಕಿಸಿದಳು.

ರಾಚಪ್ಪ ಅರ್ಧ ಶಟರ್ ಎಳೆದು ರವೆ ಮೂಟೆಗೆ ಒರಗಿ ನಿದ್ದೆ ತೆಗೆಯುತ್ತಿದ್ದ. ರಿಮೋಟು ಹಿಡಿದವನಲ್ಲ, ಅವನಿಗೆ ರೇಡಿಯೋವೇ ಸಾಕು. ಆದರೂ ಅಕ್ಕ ಇಷ್ಟು ಗಾಬರಿಯಿಂದ ಕರೆದದ್ದಕ್ಕೆ ಬೀಗದ ಕೈ ಹಿಡಿದು ಓಡಿದ. ಅವಳ ಮನೆಯ ಫೋನಿನಿಂದಲೇ ತಿರುಗಿ ಮಾತಾಡಿದ. ಬಾಕ್ಸಿನ ಮೇಲೆ ಕೆಂಪು ದೀಪ ಉರೀತಿದೆ ಅಂದ. ಒಂದು ರೆಕಾರ್ಡು ಮುಗಿಯದೆ ಬಾಕ್ಸು ಇನ್ನೊಂದನ್ನು ಹಿಡಿಯದು. ಟಿವಿ ಹಾಕಿಕೊಂಡು, ದೀಪ ಆರುವವರೆಗೂ ಕಾದು, ಆರಿದ ಕೂಡಲೇ ರಿಮೋಟಿನ ಕೆಂಪು ಗುಂಡಿ ಒತ್ತಿ ಎಂದು ಅವಳು ಮೂರು ಸಲ ಹೇಳಿದಳು.

ಅಷ್ಟರಲ್ಲಿ ರಾಹುಕಾಲ ಕಳೆಯಿತು. ಹೆಂಗಸರು ಆರತಿಯ ಹಾಡು ಎತ್ತಿದರು. ಲಕ್ಷ್ಮಿದೇವಮ್ಮ ಎರಡು ಕೈಯಲ್ಲಿ ತಟ್ಟೆ ಹಿಡಿದು ಮಗಳಿಗೆ ಬೆಳಗಿದಳು, ರವಿಕುಮಾರ ಪಕ್ಕದಲ್ಲಿ ನಿಂತು ಅವಳ ಕಿವಿಗೆ ಮೊಬೈಲು ಹಿಡಿದಿದ್ದ. ಆರತಿ ಮುಗಿದರೂ ಅವನು ಕೈ ಇಳಿಸಲಿಲ್ಲ. ಟಿವಿಯಲ್ಲಿ ಒಂದು ಹಾಡಾಯಿತು, ಎರಡನೆಯದಾಯಿತು.

"ಅಕ್ಕಾ, ದೀಪ ಆರ್ಹೋಯ್ತು. ಕೆಂಪು ಗುಂಡಿ ಎರಡವೆ" ಎಂಬ ದನಿ ಬಂತು.

"ಮೇಲಿಂದು ಒತ್ತಬೇಡಿ, ಕೆಳಗಡೆದು."

"ಒತ್ಬಿಟ್ಟೆ ಅಕ್ಕಾ. ಟಿವಿ ಕಪ್ಪಾಯ್ತು."

ಮೇಲಿನದು ಬಾಕ್ಸನ್ನು ಮಲಗಿಸುವ ಗುಂಡಿ. ಹಳೆಯ ಬಾಕ್ಸು ಮತ್ತೆ ಎದ್ದು ಮೈಮುರಿದು ಕಣ್ಣು ಬಿಡಲು ಮುದುಕನಷ್ಟೇ ಹೊತ್ತು ತೆಗೆದುಕೊಳ್ಳುತ್ತದೆ. ಅದನ್ನೇ ಮತ್ತೆ ಒತ್ತಿ, ಚಿತ್ರ ಬರುವವರೆಗೂ ಕೈ ಆಡಿಸಬೇಡಿ ಎಂದು ಹೇಳಿ ಅವಳು ಕೆಂಗೇರಿಯ ಟಿವಿಗೆ ಕಣ್ಣು ನೆಟ್ಟಳು. ಮೂರನೆಯ ಹಾಡು ಮುಗಿಯಿತು. ಜಾಹೀರಾತು ಬಂತು. ಜನ್ಮದಲ್ಲಿ ಮೊದಲ ಸಲ ಲಕ್ಷ್ಮಿದೇವಮ್ಮ ಜಾಹೀರಾತು ಇನ್ನಷ್ಟು ಉದ್ದವಾಗಲಿ ಎಂದು ದೇವರನ್ನು ಬೇಡಿಕೊಂಡಳು. ಅದೂ ಮುಗಿಯಿತು. ಇಳಕಲ್ ಸೀರೆಯುಟ್ಟು, ಬೀಸುಕಲ್ಲಿನ ಮುಂದೆ ಕಾಲು ಚಾಚಿ ಕೂತ ದುರ್ಗವ್ವ ಕಾಣಿಸಿದಳು. ಗೂಟ ಹಿಡಿದಳು. ಬಾಯಿ ತೆರೆದಳು.

"ಚಿತ್ರ ಬಂತು ಅಕ್ಕಾ, ನಮ್ಮ ದುರ್ಗವ್ವ ಹಾಡ್ತಾವ್ಳೆ."

"ಕೆಳಗಿನ ಗುಂಡಿ, ರಾಚಪ್ಪನೋರೆ. ಗುಂಡಗಿರೋದು. ಒತ್ತಿ."

ಮೊದಲ ಸಾಲು ಮುಗಿದೇ ಹೋಯಿತು. ಎರಡನೆಯ ಸಾಲಿಗೆ ಅವಳು ಉಸಿರೆಳೆದುಕೊಳ್ಳುವಾಗ ರಾಚಪ್ಪ, ದೀಪ ಹತ್ತಿತು ಎಂದ. ಲಕ್ಷ್ಮಿದೇವಮ್ಮ ಅಲ್ಲೇ ಮಗಳ ಮಣೆಯ ಪಕ್ಕ ಕೂತಳು. ಕಲ್ಲು ತಿರುಗುತ್ತಿತ್ತು, ಹಾಡು ಹರಿಯುತ್ತಿತ್ತು, ಬೀಗರ ಮನೆಯವರೆಲ್ಲ ಸೀಮಂತ ಮರೆತು ಟಿವಿ ನೋಡುತ್ತಿದ್ದರು.

ಸಂಜೆ ಮನೆಗೆ ಬಂದರೆ ರಾಚಪ್ಪ ಇನ್ನೂ ಬಾಕ್ಸಿನ ಮುಂದೆ ರಿಮೋಟು ಹಿಡಿದು ಅಲ್ಲಾಡದೆ ಕೂತಿದ್ದ. ಕೆಂಪು ದೀಪ ಉರಿಯುತ್ತಲೇ ಇತ್ತು. ನಿಲ್ಲಿಸು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ದುರ್ಗವ್ವನ ಹಾಡಿನ ಹಿಂದೆ ಎರಡು ವಾರ್ತೆ, ಒಂದು ಜ್ಯೋತಿಷ್ಯ, ಒಂದು ಮಕ್ಕಳ ಕಾರ್ಯಕ್ರಮ ಎಲ್ಲವೂ ಬಾಕ್ಸು ಸೇರಿದ್ದವು. ಆವತ್ತು ಅಂಗಡಿಗೆ ಬಂದವರು ಬೇಕಾದ್ದು ತಾವೇ ತೂಗಿಕೊಂಡು ಹೋಗಿದ್ದರಂತೆ.

ದುರ್ಗವ್ವ ತಲೆಗೂದಲಿಗೆ ಹತ್ತಿಯ ನೂಲು ಅಂಟಿಸಿಕೊಂಡೇ ಗಾರ್ಮೆಂಟ್ಸಿನಿಂದ ಓಡಿ ಬಂದಳು. ಸುದ್ದಿ ಮುಟ್ಟಿ ಬೀದಿಯ ಹೆಂಗಸರೂ ಸೇರಿದರು, ಅಂಜಿನಯ್ಯನೂ ಗಾಡಿ ನಿಲ್ಲಿಸಿ ಬಾಗಿಲಲ್ಲಿ ನಿಂತ. ಲಕ್ಷ್ಮಿದೇವಮ್ಮನ ಮುಖ ಮಾತ್ರ ಬಾಡಿತ್ತು. ನಿನ್ನ ಹಾಡಿನ ತಲೆ ಹೋಯಿತು ಕಣೇ, ಮೊದಲ ಸಾಲು ದಕ್ಕಲಿಲ್ಲ, ಕೊಟ್ಟ ಮಾತು ಪೂರಾ ನಡೆಸಲಾಗಲಿಲ್ಲ ಎಂದು ಹೇಳಿ ರೆಕಾರ್ಡು ಹಾಕಿದಳು.

ದುರ್ಗವ್ವ ಬಾಯಿಗೆ ಸೆರಗು ಒತ್ತಿಕೊಂಡು ನೋಡಿದಳು. ಮುಗಿದ ಮೇಲೆ ಸೆರಗು ಬಾಯಿಂದ ತೆಗೆದಳು. ತನ್ನ ದನಿ ಇಷ್ಟು ತೆಳುವೆಂದು ಗೊತ್ತಿರಲಿಲ್ಲ ಅಂದಳು. ಆಮೇಲೆ ಕಣ್ಣೊರೆಸಿಕೊಂಡು ನಕ್ಕಳು.

"ಬೀಸೂವಾಗ ಇಬ್ರು ಎದರಾ ಬದರಾ ಕೂಡ್ತಾರ್ರೀ ಅಮ್ಮಾರ. ಒಬ್ಬಾಕಿ ಎತ್ತಿ ಕೊಡ್ತಾಳ, ಇನ್ನೊಬ್ಬಾಕಿ ಹಿಡೀತಾಳ. ಮೊದಲನೇ ಸಾಲು ನಂದರೀ, ಉಳಿದದ್ದು ಆಕಿದು. ಮತ್ತೊಮ್ಮಿ ಹಚ್ರಿ."

ಅವಳು ಟಿವಿಯ ಎದುರು ಕಾಲು ಚಾಚಿ, ಇಲ್ಲದ ಬೀಸುಕಲ್ಲಿನ ಗೂಟ ಹಿಡಿದವಳಂತೆ ಕೂತು ಮೊದಲ ಸಾಲು ಎತ್ತಿದಳು. ಲಕ್ಷ್ಮಿದೇವಮ್ಮ ಓಕೆ ಒತ್ತಿದಳು. ಟಿವಿಯೊಳಗಿನ ದುರ್ಗವ್ವ ಎರಡನೆಯ ಸಾಲನ್ನು ಹಿಡಿದುಕೊಂಡಳು. ಹೆಂಗಸರು ಚಪ್ಪಾಳೆ ತಟ್ಟಿದ ರಭಸಕ್ಕೆ ಕೃಷ್ಣಯ್ಯ ಜಗಲಿಯಿಂದ ಎದ್ದು ಒಳಗೆ ಬಂದು ಚಾಪೆಯ ಅಂಚಿನಲ್ಲಿ ಜಾಗ ಮಾಡಿಕೊಂಡ.

ಆಮೇಲೆ ಆ ಹಾಡು ನೋಡಬೇಕೆಂದು ಯಾರೇ ಬರಲಿ, ಲಕ್ಷ್ಮಿದೇವಮ್ಮ ಮೊದಲು ಪಕ್ಕದ ಗೋಡೆ ತಟ್ಟುತ್ತಿದ್ದಳು. ದುರ್ಗವ್ವ ಕೈ ಒರೆಸಿಕೊಂಡು ಬಂದು ಕೂತು ಸಾಲು ಎತ್ತಿ ಕೊಡುವವರೆಗೂ ಓಕೆ ಗುಂಡಿಯ ಮೇಲೆ ಬೆರಳಿಟ್ಟು ಕಾಯುತ್ತಿದ್ದಳು. ಅವಳು ಬರದೆ ಆ ಹಾಡು ಶುರುವಾದದ್ದೇ ಇಲ್ಲ.