ಟ್ಯಾಂಕರ್ ಬಂದ ದಿನದ ಬಾಸ್ ಪೆಟ್ಟಿಗೆ

ಬಾಸ್ ಪೆಟ್ಟಿಗೆಯೊಳಗೆ ಕೈ ಹಾಕಿದೆ. ಮೊಣಕೈವರೆಗೂ ನೀರು!

ಮರುದಿನ ಔರಾದ ಶಹಾಜನಿ ಊರಿನ ಮದುವೆಯಲ್ಲಿ ನಮ್ಮ ಬ್ಯಾಂಡು ಬಾರಿಸಬೇಕಿತ್ತು. ಅದಕ್ಕೆಂದೇ ವಾರವಿಡೀ ಅಳತೆ ಹಾಕಿ, ನಾನೇ ಪ್ಲೈವುಡ್ಡಿನಲ್ಲಿ ಸ್ಪೀಕರ್ ಪೆಟ್ಟಿಗೆ ಮಾಡಿದ್ದೆ. ಗಾಳಿ ಸೋರಿದರೆ ಬಾಸ್‌ನ ಆ ಧಂ ಧಂ ಸದ್ದು ಸತ್ತಂತೆ. ಹಾಗಾಗಿ ಒಳಗಿನ ಸಂದುಗಳಿಗೆಲ್ಲ ಡಾಂಬರು ಬಳಿದು, ಸ್ಪೀಕರ್ ಕೂರಿಸುವ ತೂತು ಮೇಲಾಗಿಸಿ, ಅಂಗಳದಲ್ಲಿ ಒಣಗಲು ಬಿಟ್ಟು ನಿಲಂಗಾ ಪೇಟೆಗೆ ಸ್ಪೀಕರ್ ತರಲು ಹೋಗಿದ್ದೆ. ಆ ಬರಗಾಲದಲ್ಲಿ ನಮ್ಮ ಓಣಿಗೆ ಎಂಟು ದಿನಕ್ಕೊಮ್ಮೆ ನೀರಿನ ಟ್ಯಾಂಕರ್ ಬರುತ್ತಿತ್ತು.

ಓಣಿಗೆಲ್ಲ ಚಿಕ್ಕಮ್ಮನಂತಿದ್ದ ಪಕ್ಕದ ಮನೆಯ ಶಾಂತವ್ವ ಕಾಕು ನಗುತ್ತಾ ಬಂದರು. "ಟ್ಯಾಂಕರ್ ಬಂದಿತ್ತಪಾ. ಗಂಡ ಹೆಂಡ್ತಿ ಇಬ್ರೂ ಮನ್ಯಾಗ ಇರ್ಲಿಲ್ಲ. ನಿಮ್ಮ ಹೊಸಾ ನೀರಿನ ಟಾಕಿ ನಾನೇ ಪೈಪ್ ಹಿಡ್ದು ತುಂಬ್ಸೀನಿ!"

ಪೆಟ್ಟಿಗೆ ಬೋರಲು ಹಾಕಲು ಹೋದೆ. ಅಷ್ಟರಲ್ಲಿ ಹೊಲದಿಂದ ಬಂದ ಹೆಂಡತಿ ಅಡ್ಡ ನಿಂತಳು. "ಒಂದ್ ಹನಿ ಚೆಲ್ರಿ ನೋಡೋಣು! ಸ್ಪೀಕರ್ ಬಗಲಾಗ ಹಿಡ್ಕೊಂಡು ಮದವಿಗಿ ಹೋಗ್ರಿ."

ಮದುವೆಯಲ್ಲಿ ಬಾಸ್ ಇಲ್ಲದೆ ಡೋಲಿನವನೇ ಬೆವರು ಸುರಿಸಿ ಬಾರಿಸಿದ. ಡಾಂಬರು ನಾರುವ ಆ ನೀರಲ್ಲಿ ನಾವು ಎಂಟು ದಿನ ಬಟ್ಟೆ ಒಗೆದೆವು; ಪೆಟ್ಟಿಗೆಯಿಂದ ಒಂದು ಹನಿಯೂ ಸೋರಲಿಲ್ಲ.

ಈಗಲೂ ಪೆಟ್ಟಿಗೆ ಮಾಡಿಸಲು ಬಂದವರು, "ಗಾಳಿ ಸೋರಂಗಿಲ್ಲ ಹೌದಲ್ರೀ?" ಎಂದು ಕೇಳುತ್ತಾರೆ. ನಾನು ಶಾಂತವ್ವ ಕಾಕುವನ್ನು ಕರೆಯುತ್ತೇನೆ.