ಉಪ್ಪು ಹಾಕದ ಐಸು

ಬಿಕರ್ನಕಟ್ಟೆಯ ಮರಗೆಲಸದ ಅಂಗಡಿಯ ಹೊರಗೆ ರಾಶಿ ಬಿದ್ದಿದ್ದ ಮರದ ಹುಡಿ ಮೊನ್ನೆಯ ಮಳೆಗೆ ನೆನೆದಿತ್ತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಮೀನಿನ ದೋಣಿ ನಿಲ್ಲುವ ದಕ್ಕೆಯಲ್ಲಿ ಐಸ್ ಮಾರುತ್ತಿದ್ದ ಬ್ಯಾರಿ ಕಾಕ ಕಣ್ಣೆದುರು ಬಂದು ನಿಂತರು. ಐಸ್ ಕರಗದಿರಲೆಂದು ಅವರು ಇಂಥದ್ದೇ ಹುಡಿಯಲ್ಲಿ ಹೂತಿಡುತ್ತಿದ್ದರು...

ಎಪ್ಪತ್ತರ ದಶಕದ ಕೊನೆ. ನಾನು ಆಗಷ್ಟೇ ಕೆಲಸಕ್ಕೆ ಸೇರಿದ ನರ್ಸು. ಕೋಪ ಮೂಗಿನ ತುದಿಯಲ್ಲೇ. ಮೊದಲ ಮಳೆಗೆ ಬಾವಿಗಳ ನೀರು ಕೆಟ್ಟು ದಕ್ಕೆಯ ಸುತ್ತ ವಾಂತಿಭೇದಿ ಶುರುವಾಗಿತ್ತು. ಕಾಲರಾ ಲಸಿಕೆ ಬಂದ ದಿನವೇ ಕರೆಂಟು ಹೋಗಿ ಫ್ರಿಜ್ ನಿಂತಿತು. ಲಸಿಕೆಯ ಡಬ್ಬ ಎತ್ತಿಕೊಂಡು ಕಾಕನ ಅಂಗಡಿಗೆ ಓಡಿದೆ.

"ಎಂತ ಹೆದರಿಕೆ ಸಿಸ್ಟರ್? ನನ್ನ ಐಸ್ ಉಂಟಲ್ಲ!" ಎಂದರು.

ರಾತ್ರಿಗೆ ಡಬ್ಬ ಅವರಲ್ಲೇ ಬಿಟ್ಟು ಬಂದೆ. ಬೆಳಿಗ್ಗೆ ನೋಡಿದರೆ ಬಾಟಲಿಯೊಳಗೆ ಲಸಿಕೆ ಕಲ್ಲಾಗಿತ್ತು. ತಂಪು ಇನ್ನೂ ಏರಲಿ ಎಂದು, ಮೀನಿಗೆ ಮಾಡುವ ಹಾಗೆ, ಐಸಿಗೆ ಕಲ್ಲುಪ್ಪು ಬೆರೆಸಿದ್ದರು ಪುಣ್ಯಾತ್ಮ! ಹೆಪ್ಪುಗಟ್ಟಿದ ಆ ಲಸಿಕೆ ಕರಗಿದರೂ ಪ್ರಯೋಜನಕ್ಕಿಲ್ಲ. ಅಷ್ಟನ್ನೂ ಚೆಲ್ಲಿ, ಮಕ್ಕಳನ್ನೆತ್ತಿಕೊಂಡು ಸಾಲು ನಿಂತವರನ್ನು ವಾಪಸ್ ಕಳಿಸಿದೆ. ಆಮೇಲೆ ಗಿರಾಕಿಗಳ ಎದುರೇ ಕಾಕನಿಗೆ ಹಿಗ್ಗಾಮುಗ್ಗಾ ಬೈದೆ.

"ಮೀನು, ಮದ್ದು ಎರಡೂ ಒಂದೇಯಾ ನಿಮಗೆ?"

ಅವರು ತಲೆಗೆ ಸುತ್ತಿದ್ದ ಬೈರಾಸು ಬಿಚ್ಚಿ ಕೈಯಲ್ಲಿ ಹಿಡಿದು ನಿಂತೇ ಇದ್ದರು. ಎರಡು ದಿನ ಬಿಟ್ಟು ಹೊಸ ಲಸಿಕೆ ಬಂದಾಗ ಸಾಲಿನಲ್ಲಿ ಮೊದಲು ನಿಂತದ್ದು, ಮೊಮ್ಮಗಳ ಕೈ ಹಿಡಿದ ಕಾಕನೇ.

ಮುಂದಿನ ವರ್ಷದಿಂದ ಮಳೆ ಬೀಳುವ ಮೊದಲೇ ನನ್ನ ಲಸಿಕೆಗೆಂದು ಒಂದು ಪೆಟ್ಟಿಗೆ ಐಸ್ ತಯಾರಿರುತ್ತಿತ್ತು. ಕಾಯಿಲೆ ಬಾರದ ವರ್ಷವೂ. ಮೀನಿನವರು ಕೇಳಿದರೆ, "ಅದು ಸಿಸ್ಟರಿಗೆ ಮಾರಾಯ, ಮುಟ್ಬೇಡ" ಎಂದು ಗದರುತ್ತಿದ್ದರು. ನನ್ನನ್ನು ಕಂಡ ಕೂಡಲೇ ಎರಡೂ ಅಂಗೈ ಬಿಡಿಸಿ ತೋರಿಸುತ್ತಿದ್ದರು. "ಉಪ್ಪು ಹಾಕ್ಲಿಲ್ಲ ಸಿಸ್ಟರ್."

ನಾನು ನಗುತ್ತಿದ್ದೆ. ಆ ದಿನ ಹಾಗೆ ಬೈಯಬಾರದಿತ್ತು, ತಪ್ಪಾಯಿತು ಎಂಬ ಒಂದು ಮಾತು ನಾಲಿಗೆಯ ತುದಿಗೆ ಬಂದು ವಾಪಸ್ ಹೋಗುತ್ತಿತ್ತು. ಬರುವ ಮಳೆಗಾಲಕ್ಕೆ ಹೇಳಿದರಾಯಿತು ಅಂದುಕೊಳ್ಳುತ್ತಿದ್ದೆ. ದೊಡ್ಡ ಅಹಂಕಾರಿ ನಾನು.

ಎಂಬತ್ತರ ದಶಕದ ಒಂದು ಮಳೆಗಾಲ. ಪೆಟ್ಟಿಗೆ ತಯಾರಿತ್ತು. ಅಂಗಡಿಯಲ್ಲಿ ಕೂತವನು ಮಾತ್ರ ಕಾಕನ ಮಗ. "ಬಾಪ ತೀರಿಹೋಗುವ ಮೊದಲು ಹೇಳಿದ್ರು, ಸಿಸ್ಟರ್ ಬರ್ತಾರೆ, ಉಪ್ಪು ಹಾಕ್ಬೇಡ ಅಂತ," ಎಂದ. ಅಲ್ಲೇ ಅತ್ತುಬಿಟ್ಟೆ...

ಈಗಲೂ ಮಳೆ ಶುರುವಾದರೆ ಕಾಕನ ಆ ದನಿ ಇನ್ನೊಮ್ಮೆ ಕೇಳಬೇಕು ಅನಿಸುತ್ತದೆ. ಮೊನ್ನೆ ಒದ್ದೆ ಹುಡಿಯ ಎದುರು ನಿಂತೇ ಇದ್ದ ನನ್ನನ್ನು ನೋಡಿ ಬಡಗಿ ಕೇಳಿದ, "ಎಂತ ಬೇಕಿತ್ತು ಅಮ್ಮ?"

ತಪ್ಪಾಯಿತು ಎಂದು ಹೇಳುವುದಿತ್ತು. ಅವನಿಗೆ ಹೇಳಿ ಎಂತ ಮಾಡುವುದು?